ಲಂಡನ್ನಿನಲ್ಲಿ ಕೆತ್ತಿದ ಆಫ್ರಿಕಾದ ಯುದ್ಧ

1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಾಳೆಯವನ್ನು ಸುಮಾರು 20,000 ಜುಲು ಯೋಧರು ಧೂಳೀಪಟ ಮಾಡಿದರು. ಬ್ರಿಟಿಷರ ಕಡೆ ಸತ್ತವರು ಸುಮಾರು 1,300. ಅವರಲ್ಲಿ ನೂರಾರು ಮಂದಿ ಆ ಪಕ್ಷ ಹಿಡಿದಿದ್ದ ಆಫ್ರಿಕನ್ನರೇ. ಅಲ್ಲಿಗೆ ಆಗಿನ್ನೂ ನೇರ ತಂತಿ ಸಂಪರ್ಕವಿರಲಿಲ್ಲ. ಸುದ್ದಿ ಲಂಡನ್ ಮುಟ್ಟುವಾಗ ಫೆಬ್ರವರಿ 11. ಚಿತ್ರದ ಮಾತಂತೂ ಇನ್ನೂ ದೂರ, ಏಕೆಂದರೆ ಆ ದಿನ ರಣರಂಗದಲ್ಲಿ ಯಾವ ಪತ್ರಿಕೆಯ ಚಿತ್ರಕಾರನೂ ಇರಲಿಲ್ಲ.

ಆಮೇಲೆ ಲಂಡನ್ನಿನ ಸಚಿತ್ರ ಪತ್ರಿಕೆಗಳ ನಡುವೆ ಪೈಪೋಟಿ ಶುರುವಾಯಿತು. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಚಿತ್ರಕಾರ ಮೆಲ್ಟನ್ ಪ್ರಾಯರ್‌ನನ್ನು ಕಳಿಸಿತು, ‘ಗ್ರಾಫಿಕ್’ ಚಾರ್ಲ್ಸ್ ಫ್ರಿಪ್‌ನನ್ನು. ಇಂಥವರು ಅವಸರದಲ್ಲಿ ಗೀಚಿದ ಪೆನ್ಸಿಲ್ ಗೆರೆಗಳು ಹಡಗು ಹತ್ತಿ ವಾರಗಟ್ಟಲೆ ತೇಲಿ ಲಂಡನ್ನಿಗೆ ಬರುತ್ತಿದ್ದವು. ಅಲ್ಲಿ ಪತ್ರಿಕೆ ಕಚೇರಿಯ ಕಲಾವಿದ ಅವನ್ನು ಬಾಕ್ಸ್‌ವುಡ್ ಮರದ ಅಚ್ಚಿನ ಮೇಲೆ ಎಡಬಲ ತಿರುಗಿಸಿ ಹೊಸದಾಗಿ ಬರೆಯುತ್ತಿದ್ದ. ದೊಡ್ಡ ಅಚ್ಚೆಂದರೆ ಬೋಲ್ಟು ಹಾಕಿ ಜೋಡಿಸಿದ ಸಣ್ಣ ತುಂಡುಗಳು. ಬಿಚ್ಚಿ ಹಂಚಿದರೆ ಒಬ್ಬ ಆಕಾಶ ಕೆತ್ತುವಾಗ ಇನ್ನೊಬ್ಬ ಕುದುರೆ ಕಾಲು ಕೆತ್ತುತ್ತಿದ್ದ. ಆಫ್ರಿಕಾದ ಮಣ್ಣು ತುಳಿಯದ ಈ ಕೈಗಳೇ ಗೆರೆ ಖಾಲಿ ಬಿಟ್ಟಲ್ಲಿ ಮುಖ, ಭಾವ, ಶೌರ್ಯ ಎಲ್ಲವನ್ನೂ ತುಂಬಿದವು. ಬ್ರಿಟಿಷ್ ಅಧಿಕಾರಿಗೆ ಗುರುತು ಹಿಡಿಯಬಹುದಾದ ಮುಖ ಸಿಕ್ಕಿತು. ಜುಲುಗಳಿಗೆ ಸಿಕ್ಕಿದ್ದು ಬರೀ ಗುರಾಣಿ, ಈಟಿ.

ಫ್ರಿಪ್ 1885ರಲ್ಲಿ ಇಸಾಂಡ್ಲ್ವಾನದ ದೊಡ್ಡ ತೈಲಚಿತ್ರವನ್ನೇ ಬರೆದ. ಕೆಂಪು ಕೋಟಿನ ಸೈನಿಕರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ನಡುವೆ ನಗಾರಿ ಬಾರಿಸುವ ಪುಟ್ಟ ಹುಡುಗ. ಕರುಳು ಚುರ್ರೆನ್ನುತ್ತದೆ, ಒಪ್ಪುತ್ತೇನೆ. ಆದರೆ ಹನ್ನೊಂದು ದಿನ ಮೊದಲು ಗಡಿ ದಾಟಿ ಜುಲುಗಳ ನೆಲಕ್ಕೆ ನುಗ್ಗಿದವರೇ ಇವರು. ಏರಿ ಬಂದವರೇ ಮುತ್ತಿಗೆಗೆ ಸಿಕ್ಕ ಬಡಪಾಯಿಗಳಾಗಿ ಕಾಣುವುದು ಇಂಥ ಯುದ್ಧಚಿತ್ರಗಳ ಜಾಣತನ.

ಬ್ರಿಟಿಷರು ಗೆದ್ದಾಗ ಬೇರೆಯೇ ಆಟ. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ಡರ್ಮನ್‌ನಲ್ಲಿ ಅವರ ವಿರುದ್ಧ ನಿಂತ ಮಹದಿ ಪಡೆಯ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎದುರು ಪಡೆಯಲ್ಲಿ ಐವತ್ತರ ಆಸುಪಾಸು. ಕೊಂದದ್ದು ಮ್ಯಾಕ್ಸಿಮ್ ಬಂದೂಕು, ಫಿರಂಗಿ ಮತ್ತು ನೈಲ್ ನದಿಯ ಮೇಲಿನ ಗನ್‌ಬೋಟುಗಳು. ಓದುಗರ ಮನಸ್ಸಿನಲ್ಲಿ ಉಳಿದ ಚಿತ್ರ ಮಾತ್ರ 21ನೇ ಲ್ಯಾನ್ಸರ್ಸ್ ಸವಾರರ ದಾಳಿ. ನಾನೂರರಷ್ಟು ಕುದುರೆ ಸವಾರರ ಆ ನುಗ್ಗಾಟದಿಂದ ಯುದ್ಧದ ಗತಿಯೇನೂ ಬದಲಾಗಲಿಲ್ಲ. ಅದನ್ನು ಚಿತ್ರಿಸಿ ಹೆಸರಾದ ಕ್ಯಾಟನ್ ವುಡ್‌ವಿಲ್ ಅಲ್ಲಿಗೆ ಹೋಗಿಯೇ ಇರಲಿಲ್ಲ. ಯಂತ್ರದ ಹಿಂದೆ ಕೂತು ಕೊಂದವನನ್ನು ವೀರನಾಗಿ ಬರೆಯುವುದು ಕಷ್ಟ, ಕುದುರೆ ಮೇಲಿದ್ದವನನ್ನು ಸುಲಭ.

ಆಫ್ರಿಕನ್ನರೇ ಬರೆದ ಯುದ್ಧಚಿತ್ರಗಳೂ ಇವೆ. ಓಮ್ಡರ್ಮನ್‌ಗೆ ಎರಡು ವರ್ಷ ಮೊದಲು, 1896ರ ಮಾರ್ಚ್ 1ರಂದು, ಇಥಿಯೋಪಿಯ ಅಡ್ವಾದಲ್ಲಿ ಇಟಲಿಯನ್ನು ಸೋಲಿಸಿತ್ತು. ಆ ಗೆಲುವನ್ನು ಅಲ್ಲಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಅವರೂ ಪಕ್ಷಪಾತಿಗಳೇ: ತಮ್ಮವರಿಗೆ ಎದುರುಮುಖ, ಎರಡು ಕಣ್ಣು; ಇಟಾಲಿಯನ್ನರಿಗೆ ಪಕ್ಕದಿಂದ ಕಾಣುವ ಮುಖ, ಒಂದೇ ಕಣ್ಣು. ಮೇಲೆ ಆಕಾಶದಲ್ಲಿ ಸೇಂಟ್ ಜಾರ್ಜ್ ಬೇರೆ. ಆದರೆ ಕೆಳಗೆ ಚಕ್ರವರ್ತಿ ಮೆನೆಲಿಕ್, ಮಹಾರಾಣಿ ತಾಯ್ತು ಇಬ್ಬರೂ ಇದ್ದಾರೆ. ಬಂದೂಕು, ಫಿರಂಗಿಗಳೂ ಎರಡೂ ಕಡೆ ಇವೆ.