ಚಿಕ್ಕ ಎಂಜಿನ್ನಿಗೆ ಯಾವ ಎಣ್ಣೆ?

ಎತ್ತಿನ ಗಾಡಿ ಹೂಡುವ ಮುಂಚೆ ಕೀಲೆಣ್ಣೆ ಹಾಕುವುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಣ್ಣೆ ಆರಿದರೆ ಅಚ್ಚು ಕಿರುಗುಟ್ಟುತ್ತಿತ್ತು, ಎತ್ತು ಏದುಸಿರು ಬಿಡುತ್ತಿತ್ತು. ಈಗ ಮನೆಮನೆಗೆ ಹುಲ್ಲು ಹೊಡೆಯುವ ಮಿಷನ್ನು, ಔಷಧಿ ಹೊಡೆಯುವ ಎಂಜಿನ್ನು, ಪವರ್ ಟಿಲ್ಲರು ಬಂದಿವೆ. ಇವು ಎತ್ತಿನ ಹಾಗೆ ಮುಂಚಿತವಾಗಿ ದೂರು ಹೇಳುವುದಿಲ್ಲ. ಓಡುತ್ತಾ ಓಡುತ್ತಾ ಒಮ್ಮೆಲೇ ನಿಂತುಬಿಡುತ್ತವೆ.

ನಮ್ಮ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಹೀಗೆಯೇ ಆಯಿತು. ಅದರ ಹಿಂದಿನ ವಾರ ಆ ಊರಿನ ಸಭೆಯಲ್ಲಿ ನಾನು ಮಾತಾಡಿ, ‘ಎಂಜಿನ್ನಿಗೆ ಎಣ್ಣೆ ನೋಡಿಕೊಳ್ಳಿ’ ಎಂದು ಹೇಳಿ ಬಂದಿದ್ದೆ. ಅವರ ಮಗ ಶ್ರದ್ಧೆಯಿಂದ ಔಷಧಿ ಎಂಜಿನ್ನಿನ ಎಣ್ಣೆ ನೋಡಿದ, ಕಡಿಮೆಯಿದ್ದದ್ದನ್ನು ತುಂಬಿಸಿದ. ಹೊಸದಾಗಿ ತಂದ ಹುಲ್ಲಿನ ಮಿಷನ್ನಿನಲ್ಲಿ ಎಣ್ಣೆ ಹಾಕುವ ಬಾಯಿಯೇ ಕಾಣಲಿಲ್ಲ. ಇದಕ್ಕೆ ಎಣ್ಣೆ ಬೇಡವೇನೋ ಎಂದುಕೊಂಡು ಅದೇ ಕ್ಯಾನಿನ ಬರೀ ಪೆಟ್ರೋಲು ತುಂಬಿಸಿ ತೋಟಕ್ಕೆ ಹೋದ. ಒಂದು ಟ್ಯಾಂಕು ಮುಗಿಯುವ ಮೊದಲೇ ಪಿಸ್ಟನ್ನು ಕಚ್ಚಿಕೊಂಡು ಎಂಜಿನ್ನು ಸೀಜ್ ಆಯಿತು. ಮಳೆಗಾಲದ ಹುಲ್ಲು ಆಳೆತ್ತರ ನಿಂತಿತು, ರಿಪೇರಿಯ ಖರ್ಚಿನ ಮೇಲೆ ಆಳಿನ ಕೂಲಿಯೂ ಬಿತ್ತು.

ನಾನು ಹೋದಾಗ ಆ ಮನೆಯ ತಾಯಿ ಒಂದೇ ಮಾತು ಕೇಳಿದರು: “ಎಣ್ಣೆ ನೋಡಿ ಅಂದ್ರಿ ಸಾರ್. ಯಾವ ಮಿಷನ್ನಿಗೆ ಯಾವ ಎಣ್ಣೆ, ಎಲ್ಲಿ ಹಾಕ್ಬೇಕು ಅಂತ ಹೇಳಲೇ ಇಲ್ವಲ್ಲ?” ಮಾತು ನಿಜ. ತಪ್ಪಿನಲ್ಲಿ ಅರ್ಧ ನನ್ನದೇ. ಅಂದು ಹೇಳದೆ ಬಿಟ್ಟದ್ದನ್ನು ಈ ದಿನ ಹೇಳುತ್ತೇನೆ.

ಮೊದಲು ಜಾತಿ ತಿಳಿಯಿರಿ

ಚಿಕ್ಕ ಪೆಟ್ರೋಲ್ ಎಂಜಿನ್ನುಗಳಲ್ಲಿ ಎರಡು ಜಾತಿ: ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್. ಫೋರ್ ಸ್ಟ್ರೋಕಿನಲ್ಲಿ ಎಣ್ಣೆಗೆ ಬೇರೆ ತೊಟ್ಟಿ ಇರುತ್ತದೆ, ಅದಕ್ಕೆ ಬೇರೆ ಬಾಯಿ, ಬೇರೆ ಬಿರಡೆ. ಟ್ಯಾಂಕಿಗೆ ಬರೀ ಪೆಟ್ರೋಲು. ಟೂ ಸ್ಟ್ರೋಕಿನಲ್ಲಿ ಈ ತೊಟ್ಟಿಯೇ ಇಲ್ಲ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಒಳಗೆಲ್ಲ ಓಡಾಡಿ, ಉಜ್ಜುವ ಭಾಗಗಳಿಗೆ ಸವರಿ, ಕೊನೆಗೆ ಪೆಟ್ರೋಲಿನ ಜೊತೆ ಉರಿದು ಹೋಗುತ್ತದೆ. ಆದ್ದರಿಂದ ಎಣ್ಣೆಯ ಬಾಯಿ ಕಾಣದಿದ್ದರೆ ‘ಎಣ್ಣೆ ಬೇಡ’ ಎಂದಲ್ಲ, ‘ಪೆಟ್ರೋಲಿನಲ್ಲೇ ಬೆರೆಸಬೇಕು’ ಎಂದು ಅರ್ಥ.

ಟೂ ಸ್ಟ್ರೋಕಿಗೆ

ಇದಕ್ಕೆ ಟೂ-ಟಿ ಎಣ್ಣೆಯೇ ಆಗಬೇಕು. ಟಿಲ್ಲರಿಗೆ ತಂದ ಎಣ್ಣೆ ಮಿಕ್ಕಿದೆ, ಅದನ್ನೇ ಬೆರೆಸಿದರಾಯಿತು ಎನ್ನಬೇಡಿ. ಅದು ಉರಿಯುವುದಕ್ಕೆಂದು ಮಾಡಿದ ಎಣ್ಣೆಯಲ್ಲ. ಉರಿದರೆ ಬೂದಿ, ಮಸಿ ಉಳಿದು ಪ್ಲಗ್ಗು, ಸೈಲೆನ್ಸರು ಕಟ್ಟುತ್ತವೆ. ಡಬ್ಬಿಯ ಮೇಲೆ ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂಬ ಗುರುತುಗಳಿರುತ್ತವೆ. ಇವು ಜಪಾನಿನವರು ಮಾಡಿದ ದರ್ಜೆಗಳು. ಎಫ್‌ಸಿಯಲ್ಲಿ ಹೊಗೆ ಕಡಿಮೆ. ಎಫ್‌ಡಿ ಎಂಜಿನ್ನಿನ ಒಳಗನ್ನು ಇನ್ನೂ ಶುಚಿಯಾಗಿಡುತ್ತದೆ. ಕರಾವಳಿಯವರು ಇನ್ನೊಂದು ಮಾತು ನೆನಪಿಡಬೇಕು. ದೋಣಿಯ ಎಂಜಿನ್ನಿನ ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಣಿಯುವ ಹುಲ್ಲಿನ ಮಿಷನ್ನಿಗೆ ಅದು ಸಲ್ಲದು.

ಎಷ್ಟು ಬೆರೆಸಬೇಕೆಂಬುದು ಮಿಷನ್ನಿನ ಪುಸ್ತಕದಲ್ಲಿರುತ್ತದೆ. ಲೆಕ್ಕ ಹೀಗೆ:

50ಕ್ಕೆ 1 ಎಂದಿದ್ದರೆ, ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ.
40ಕ್ಕೆ 1 ಎಂದಿದ್ದರೆ, 25 ಮಿಲಿಲೀಟರ್.
25ಕ್ಕೆ 1 ಎಂದಿದ್ದರೆ, 40 ಮಿಲಿಲೀಟರ್.

ಕಡಿಮೆಯಾದರೆ ಎಂಜಿನ್ನು ಕಚ್ಚಿಕೊಳ್ಳುತ್ತದೆ. ‘ಇರಲಿ, ಒಂದಿಷ್ಟು ಜಾಸ್ತಿ ಹಾಕೋಣ’ ಎಂದರೆ ಹೊಗೆ ಹೆಚ್ಚಿ ಪ್ಲಗ್ಗು ಮಸಿ ಹಿಡಿಯುತ್ತದೆ. ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ. ಬೆಳೆಯ ಔಷಧಿ ಅಳೆಯುವ ಲೋಟ ಮಾತ್ರ ಬೇಡ. ಬೆರೆಸುವ ಕೆಲಸವನ್ನು ಬೇರೆ ಕ್ಯಾನಿನಲ್ಲಿ ಮಾಡಿ: ಮೊದಲು ಅರ್ಧ ಪೆಟ್ರೋಲು, ಮೇಲೆ ಎಣ್ಣೆ ಹಾಕಿ ಕುಲುಕಿ, ಆಮೇಲೆ ಉಳಿದರ್ಧ ಪೆಟ್ರೋಲು ಹಾಕಿ ಮತ್ತೆ ಕುಲುಕಿ. ಒಲೆ, ದೀಪ, ಬೀಡಿ ಹತ್ತಿರ ಬರಕೂಡದು.

ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಎಥನಾಲಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣವುಂಟು. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಮಿಷನ್ನನ್ನು ಬಹಳ ದಿನ ಮೂಲೆಗಿಡುವಾಗ ಟ್ಯಾಂಕು ಬರಿದು ಮಾಡಿ.

ಫೋರ್ ಸ್ಟ್ರೋಕಿಗೆ

ಡಬ್ಬಿಯ ಮೇಲೆ ‘10ಡಬ್ಲ್ಯು-30’ ಎಂಬಂಥ ಅಂಕಿ ಇರುತ್ತದೆ. ಇದು ಎಣ್ಣೆಯ ಮಂದ-ತೆಳುವಿನ ಗುರುತು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘದವರು 1911ರಲ್ಲಿ ಇಂಥ ಗುರುತು ಆರಂಭಿಸಿದರು, ಅದೇ ಎಸ್‌ಎಇ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗುವುದನ್ನೂ, ಬಿಸಿಲಿಗಿಟ್ಟರೆ ನೀರಾಗುವುದನ್ನೂ ತಾಯಂದಿರು ದಿನವೂ ನೋಡಿದ್ದೀರಿ. ಎಂಜಿನ್ ಎಣ್ಣೆಯೂ ಚಳಿಯಲ್ಲಿ ಮಂದ, ಕಾವಿನಲ್ಲಿ ತೆಳು. ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಹೇಗೆ ಹರಿಯುತ್ತದೆಂಬುದನ್ನೂ, ಮುಂದಿನ ಅಂಕಿ ಕಾದಾಗ ಎಷ್ಟು ಮಂದ ಉಳಿಯುತ್ತದೆಂಬುದನ್ನೂ ಹೇಳುತ್ತದೆ. ಬಹಳಷ್ಟು ಚಿಕ್ಕ ಪೆಟ್ರೋಲ್ ಎಂಜಿನ್ನುಗಳ ಪುಸ್ತಕದಲ್ಲಿ 10ಡಬ್ಲ್ಯು-30 ಎಂದಿರುತ್ತದೆ. ಸೆಕೆಯ ಸೀಮೆಗೆ ಎಸ್‌ಎಇ 30 ಎಂದೂ ಹೇಳಿರುವುದುಂಟು. ಡೀಸೆಲ್ ಟಿಲ್ಲರಿನದು ಬೇರೆ ದರ್ಜೆ. ಅದರ ಗೇರು ಪೆಟ್ಟಿಗೆಯ ಎಣ್ಣೆಯನ್ನೂ ಪುಸ್ತಕ ನೋಡಿಯೇ ತನ್ನಿ.

ಇನ್ನು ಎಪಿಐ ಎಂಬ ಗುರುತಿನ ಮುಂದೆ ಎರಡಕ್ಷರ ಇರುತ್ತದೆ. ಮೊದಲಕ್ಷರ ಎಸ್ ಆದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಆದರೆ ಡೀಸೆಲ್ಲಿಗೆ. ಕೆಲವು ಡಬ್ಬಿಗಳ ಮೇಲೆ ಎರಡೂ ಇರುತ್ತವೆ. ಪುಸ್ತಕದಲ್ಲಿ ಎಸ್‌ಜೆ ಎಂದಿದ್ದರೆ ಅದು, ಅಥವಾ ಎಸ್‌ಎಲ್‌ನಂಥ ಅದರ ಮೇಲಿನ ದರ್ಜೆ ಆಗುತ್ತದೆ. ಈ ತೊಟ್ಟಿಗೆ ಟೂ-ಟಿ ಎಣ್ಣೆ ಸುರಿಯಬೇಡಿ. ಅದು ಅಲ್ಲಿ ತಾಳುವುದಿಲ್ಲ, ಎಂಜಿನ್ನು ಬೇಗ ಸವೆಯುತ್ತದೆ.

ಎಣ್ಣೆ ನೋಡುವಾಗ ಮಿಷನ್ನು ಸಮನೆಲದ ಮೇಲಿರಲಿ. ಎಂಜಿನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು, ಎಣ್ಣೆಯ ಕಡ್ಡಿ ಒರೆಸಿ ಅದ್ದಿ ನೋಡಿ. ಎರಡು ಗೆರೆಗಳ ನಡುವೆ ಎಣ್ಣೆ ಇರಬೇಕು. ಬಾಯಿತನಕ ತುಂಬಿಸಿದರೆ ಎಣ್ಣೆ ಗಾಳಿ ಜಾಲರಿಗೆ ನುಗ್ಗಿ ಹೊಗೆ ಬರುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಿ.

ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಬೇಗ ತೆಗೆಯಬೇಕು, ಸಾಮಾನ್ಯವಾಗಿ 10ರಿಂದ 20 ಗಂಟೆ ಓಡಿದ ಮೇಲೆ. ಹೊಸ ಭಾಗಗಳು ಉಜ್ಜಿ ಉದುರಿಸಿದ ಲೋಹದ ಪುಡಿ ಅದರಲ್ಲಿರುತ್ತದೆ. ಆಮೇಲೆ 50 ಅಥವಾ 100 ಗಂಟೆಗೊಮ್ಮೆ, ಪುಸ್ತಕದಲ್ಲಿದ್ದಂತೆ. ಗಂಟೆಗಳನ್ನು ಯಾರು ನೆನಪಿಡುತ್ತಾರೆ ಅಂತೀರಾ? ಹಾಲಿನ ಲೆಕ್ಕ ಗೋಡೆಗೆ ಬರೆಯುವುದಿಲ್ಲವೇ, ಹಾಗೆ ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಿಂದ ಗೀಟು ಹಾಕಿ. ಎಂಜಿನ್ನು ಉಗುರುಬೆಚ್ಚಗಿರುವಾಗ ಎಣ್ಣೆ ಇಳಿಸಿದರೆ ಕೊಳೆಯೂ ಜೊತೆಗೆ ಇಳಿಯುತ್ತದೆ.

ಇಳಿಸಿದ ಕರಿ ಎಣ್ಣೆ

ಇದನ್ನು ಕಾಲುವೆಗೆ, ಬಾವಿಯ ಬದಿಗೆ ಸುರಿಯಬೇಡಿ. ದನದ ಗಾಯಕ್ಕೆ ಹಚ್ಚುವ ರೂಢಿ ಕೆಲವೆಡೆ ಉಂಟು, ಅದೂ ಕೂಡದು. ಬಳಸಿದ ಎಣ್ಣೆ ಪದೇ ಪದೇ ಚರ್ಮಕ್ಕೆ ತಗುಲಿದರೆ ಕ್ಯಾನ್ಸರಿನ ಭಯವಿದೆ. ಕೈಗೆ ಆದರೆ ಸಾಬೂನು ಹಾಕಿ ತೊಳೆಯಿರಿ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಯಾವ ಎಣ್ಣೆಯನ್ನೂ, ಪೆಟ್ರೋಲನ್ನೂ ಶರಬತ್ತಿನ ಬಾಟಲಿಯಲ್ಲಿಡಬೇಡಿ. ಮಕ್ಕಳಿಗೆ ಬಾಟಲಿಯ ಗುರುತು ಮಾತ್ರ ಗೊತ್ತು, ಒಳಗಿನದು ಗೊತ್ತಿಲ್ಲ.

ಆ ಅಡಿಕೆ ತೋಟದ ಮನೆಯಲ್ಲಿ ಈಗ ಎರಡು ಕ್ಯಾನುಗಳಿವೆ. ಒಂದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ, ಅದು ಬೆರೆಸಿದ್ದು. ಇನ್ನೊಂದು ಬರೀ ಪೆಟ್ರೋಲು. ಹುಲ್ಲಿನ ಮಿಷನ್ನಿನ ಹಿಡಿಗೂ ಅದೇ ಕೆಂಪು ಬಟ್ಟೆಯ ಚೂರು. ಓದು ಬಾರದ ಆಳೂ ತಪ್ಪು ಮಾಡಲಾರ. ಈ ಉಪಾಯ ನನ್ನದಲ್ಲ, ಅಂದು ನನ್ನನ್ನು ಪ್ರಶ್ನೆ ಕೇಳಿದ ಆ ತಾಯಿಯದು. ಈ ಸಂಜೆಯೇ ನಿಮ್ಮ ಕೊಟ್ಟಿಗೆಗೆ ಹೋಗಿ, ಯಾವ ಮಿಷನ್ನು ಯಾವ ಜಾತಿಯದು ನೋಡಿ, ಕೆಂಪು ಬಟ್ಟೆ ಕಟ್ಟಿಬಿಡಿ.