ಅಕ್ಷತೆಗೆ ಮುನ್ನ ಸನಾದಿ

ಹಂದರದ ತುಂಬ ಜನ. ಎಲ್ಲರ ಕೈಯಲ್ಲೂ ಅಕ್ಕಿಕಾಳು. ಹಸೆಯ ಮೇಲೆ ವಧೂವರರು. ಪುರೋಹಿತರು ಗಡಿಯಾರದ ಕಡೆಗೆ ನೋಡುತ್ತಾರೆ, ಮನೆಯ ಯಜಮಾನರು ಬಾಗಿಲ ಕಡೆಗೆ! ವಾಜಂತ್ರಿಯವರು ಇನ್ನೂ ಬಂದಿಲ್ಲ. ಇಂಥ ಗಳಿಗೆಯ ಸಂಕಟವನ್ನು ಮದುವೆ ಮಾಡಿದವರೆಲ್ಲ ಬಲ್ಲರು. ಆದರೆ ಅದೇ ಹೊತ್ತಿನಲ್ಲಿ, ದಾರಿಯಲ್ಲಿ ನಿಂತುಹೋದ ಬಸ್ಸಿನೊಳಗೆ ಸನಾದಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಕಲಾವಿದನ ಸಂಕಟವನ್ನು ಬಲ್ಲವರು ವಿರಳ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ನಿಡಸೋಸಿಯು ದುರದುಂಡೀಶ್ವರ ಮಠದಿಂದ ಹೆಸರಾದ ಊರು. ಸಂಕೇಶ್ವರದ ಬಳಿಯಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಸಾಗುವುದರಿಂದ ಇಲ್ಲಿಗೆ ಬರುವುದು ಸುಲಭವೆಂದು ತೋರುತ್ತದೆ. ಮೇಳದವರು ಮೂಡಲಗಿಯ ಕಡೆಯವರಾದರೆ ಮಾತೇ ಬೇರೆ. ಘಟಪ್ರಭಾ, ಹುಕ್ಕೇರಿಗಳನ್ನು ದಾಟಿ ಬರಬೇಕು. ಅದರ ಮೇಲೆ, ಲಗ್ನದ ಸುಗ್ಗಿಯೂ ಕಬ್ಬಿನ ಸುಗ್ಗಿಯೂ ಕೂಡಿ ಬರುವ ನಾಡಿದು! ತುಳಸೀಲಗ್ನ ಮುಗಿದೊಡನೆ ಮದುವೆಗಳು ತೊಡಗುತ್ತವೆ. ಅದೇ ದಿನಗಳಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟುತ್ತವೆ.

ಆದುದರಿಂದ ನುರಿತ ಮೇಳದ ಹಿರಿಯನು ಹೊರಡುವ ಹೊತ್ತಿನಿಂದ ಲೆಕ್ಕ ಹಾಕುವುದಿಲ್ಲ. ಅಕ್ಷತೆಯ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾನೆ. ಅಕ್ಷತೆ 12.30ಕ್ಕೆ ಎಂದು ಲಗ್ನಪತ್ರಿಕೆಯಲ್ಲಿದ್ದರೂ ಅವನ ಕೆಲಸ ಬೆಳಗಿನಿಂದಲೇ ಆರಂಭ. ಬೀಗರನ್ನು ಎದುರುಗೊಳ್ಳಬೇಕು, ಸುರಗಿಯ ನೀರಿಗೆ, ದೇವರ ದರ್ಶನಕ್ಕೆ ಮುಂದಾಗಿ ನುಡಿಸುತ್ತ ನಡೆಯಬೇಕು. ಸನಾದಿಯ ಪೀಪಿಯನ್ನು ಬಾಯಲ್ಲಿಟ್ಟು ತೇವಗೊಳಿಸಿ ಹದಕ್ಕೆ ತರದೆ ನಾದ ಹೊರಡದು. ಇಬ್ಬನಿಗೆ ಸಡಿಲಾದ ಸಂಬಾಳದ ಚರ್ಮವನ್ನು ಬೆಂಕಿಗೆ ಕಾಸಿ ಬಿಗಿಗೊಳಿಸಬೇಕು. ದೂರದಿಂದ ಬರುವವರಿಗೆ ಇವೆಲ್ಲ ಸಾಧ್ಯವಾಗಬೇಕಾದರೆ ಹಿಂದಿನ ಸಂಜೆಯೇ ಊರು ಸೇರುವುದೊಂದೇ ದಾರಿ.

ಹಾಗೆ ಸೇರಲು ಎಷ್ಟೋ ಬಾರಿ ಹೊಟ್ಟೆಯ ಪಾಡು ಬಿಡುವುದಿಲ್ಲ. ಒಳ್ಳೆಯ ಮುಹೂರ್ತದ ದಿನ ನಾಲ್ಕು ಮನೆಯವರು ಕರೆಯುತ್ತಾರೆ. ಆಷಾಢದಲ್ಲಿ ಒಬ್ಬರೂ ಕರೆಯುವುದಿಲ್ಲ. ಕೆಲವೇ ತಿಂಗಳ ಗಳಿಕೆಯಲ್ಲಿ ಮಳೆಗಾಲವನ್ನೂ ನೂಕಬೇಕು. ಮಧ್ಯಾಹ್ನ ಗೋಕಾಕದಲ್ಲಿ ಅಕ್ಷತೆ, ಸಂಜೆ ಗಡಿಯಾಚೆಯ ಗಡಹಿಂಗ್ಲಜದಲ್ಲಿ ಮೆರವಣಿಗೆ! ಎರಡನ್ನೂ ಒಪ್ಪಿಕೊಂಡರೆ ಹೆಸರು ಹೋದೀತು, ಒಂದನ್ನು ಬಿಟ್ಟರೆ ಅನ್ನ ಹೋದೀತು.

ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕೃತಿಯನ್ನು ಆಧರಿಸಿದ ‘ಸನಾದಿ ಅಪ್ಪಣ್ಣ’ ಚಿತ್ರವು 1977ರಲ್ಲಿ ತೆರೆಗೆ ಬಂದಾಗ, ರಾಜಕುಮಾರರ ಅಭಿನಯವನ್ನೂ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನೂ ನಾಡೇ ಮೆಚ್ಚಿತು. ಬೆಳ್ಳಿತೆರೆಯ ಸನಾದಿಗೆ ಕಣ್ಣೀರು ಮಿಡಿದವರು, ತಮ್ಮ ಮನೆಯಂಗಳಕ್ಕೆ ಬಂದ ಸನಾದಿಯವನು ರಾತ್ರಿ ಯಾವ ಬಸ್ಸಿಗೆ ಹಿಂದಿರುಗುವನೆಂದು ಕೇಳುವುದುಂಟೇ?

ಕೇಳುವುದು ಕಷ್ಟವೇನಲ್ಲ. ಸಂಚಕಾರ ಕೊಡುವಾಗಲೇ ತಾರೀಖು, ಹೊತ್ತು, ಮದುವೆಯ ಸ್ಥಳ, ಮೇಳದ ಜನರ ಸಂಖ್ಯೆ ಇವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಪ್ರಯಾಣದ ವೆಚ್ಚವು ಸಂಭಾವನೆಯೊಳಗೆ ಸೇರಿದೆಯೇ, ಬೇರೆಯೇ ಎಂಬುದು ಅಂದೇ ತೀರ್ಮಾನವಾಗಬೇಕು. ಹಿಂದಿನ ರಾತ್ರಿ ಮಲಗಲು ಒಂದು ಕೋಣೆ, ವಾದ್ಯಗಳಿಡಲು ಬೆಚ್ಚನೆಯ ಮೂಲೆ, ಕೊನೆಯ ಪಂಕ್ತಿಗೆ ಕಾಯಿಸದ ಊಟ, ಕೊನೆಯ ಬಸ್ಸು ತಪ್ಪಿದರೆ ಒಂದು ವಾಹನ. ಮದುವೆಯ ಖರ್ಚಿನಲ್ಲಿ ಇವು ಹೆಚ್ಚಿನವಲ್ಲ.

ಮೈದಣಿಯದೆ ಬಂದವನ ಉಸಿರು ನಿಲ್ಲುತ್ತದೆ. ಉಸಿರು ನಿಂತರೆ ರಾಗ ನಿಲ್ಲುತ್ತದೆ. ಅಕ್ಷತೆಯ ಗಳಿಗೆಯಲ್ಲಿ ಮೊಳಗುವ ಆ ಮಂಗಳನಾದವು ಹಿಂದಿನ ಸಂಜೆ ಸಕಾಲಕ್ಕೆ ಹೊರಟ ಬಸ್ಸಿನಲ್ಲಿಯೇ ಆರಂಭವಾಗಿರುತ್ತದೆ.