ಅಪಘಾತವಾದಾಗ ಬ್ಯಾಂಕಿಗೂ ತಿಳಿಸಿ

ಅಪಘಾತದ ರೋಗಿಗಳ ಬಂಧುಗಳೇ, ರೋಗಿಯ ಪಾಸ್ ಬುಕ್ ಒಮ್ಮೆ ನೋಡಿ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ, ಅದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ಇರಬಹುದು, ಬ್ಯಾಂಕಿನಲ್ಲಿ ವಿಚಾರಿಸಿ.

ಅಪಘಾತದಿಂದ ಮರಣವಾದರೆ 2 ಲಕ್ಷ, ಒಂದು ಕಣ್ಣು, ಕೈ ಅಥವಾ ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ ಪರಿಹಾರವಿದೆ. ಆಸ್ಪತ್ರೆಯ ಖರ್ಚು ಇದರಲ್ಲಿ ಸೇರುವುದಿಲ್ಲ.

ನೀವು ತಿಳಿಸದಿದ್ದರೆ ಹಣ ತಾನಾಗಿ ಬರುವುದಿಲ್ಲ. ಖಾತೆ ಅಶೋಕಪುರಂನಲ್ಲಿರಲಿ, ಊರಿನಲ್ಲಿರಲಿ, ಆ ಶಾಖೆಗೆ ಸಾಧ್ಯವಾದಷ್ಟು 30 ದಿನಗಳೊಳಗೆ ಅರ್ಜಿ ಕೊಡಿ. ಎಫ್.ಐ.ಆರ್. ಪ್ರತಿ, ಆಸ್ಪತ್ರೆಯ ದಾಖಲೆ, ಅಂಗವಿಕಲತೆಯ ಅಥವಾ ಮರಣದ ಪ್ರಮಾಣಪತ್ರ, ಶವಪರೀಕ್ಷೆ ನಡೆದಿದ್ದರೆ ಅದರ ವರದಿ ಜೋಪಾನವಾಗಿಡಿ.

ತಡವಾಯಿತೆಂದು ಕೈಬಿಡಬೇಡಿ. ತಡವಾದದ್ದೊಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ.